ಗಾಲಿಗೆ ಕೊಟ್ಟ ಕಲ್ಲು

ಬೈಲಹೊಂಗಲದ ಆ ಓಣಿ ಇಳಿಜಾರಾಗಿದೆ ಎಂಬ ಸಂಗತಿ ಯಾವ ಸರಕಾರಿ ನಕಾಶೆಯಲ್ಲೂ ಇಲ್ಲ. ಆದರೆ ಓಣಿಯಲ್ಲಿ ಕೈಜಾರಿದ ಪ್ರತಿಯೊಂದು ವಸ್ತುವಿಗೂ ಅದು ಗೊತ್ತು. ಸಂತೆಯ ಚೀಲದಿಂದ ಉರುಳಿದ ಉಳ್ಳಾಗಡ್ಡಿ, ದೇವರಿಗೆ ಒಡೆಯಲು ತಂದ ತೆಂಗಿನಕಾಯಿ, ಒಂದು ಸಲವಂತೂ ತುಂಬಿದ ಗ್ಯಾಸ್ ಸಿಲಿಂಡರು, ಎಲ್ಲವೂ ಮೇಲಿನಿಂದ ಹೊರಟು ಕೆಳತುದಿಯ ಪಾಂಡುರಂಗರಾಯರ ಕಬ್ಬಿಣದ ಗೇಟಿಗೆ ಬಡಿದು, ಟಣ್ ಎಂದು ಹಾಜರಿ ಹೇಳಿಯೇ ನಿಲ್ಲುತ್ತಿದ್ದವು. ರಾಯರು ಒಳಗಿನಿಂದಲೇ, "ಯಾರದದು? ಬಂದು ಒಯ್ರಿ!" ಎಂದು ಕೂಗುತ್ತಿದ್ದರು.

ಈ ಓಣಿಯ ನಟ್ಟನಡುವೆ ನಿಜಗುಣಪ್ಪನ ಮನೆ. ಮನೆಯ ಮುಂದೆ, ಮೂತಿ ಮೇಲಕ್ಕೆ ಮಾಡಿ ನಿಂತ ಅವನ ಬಿಳಿ ಕಾರು. ಕಾರಿನ ಹಿಂದಿನ ಗಾಲಿಗೆ ಆತುಕೊಂಡು ಒಂದು ಕರಿಕಲ್ಲು.

ಕಾರಿಗೆ ಹ್ಯಾಂಡ್‌ಬ್ರೇಕು ಇರಲಿಲ್ಲವೆಂದಲ್ಲ. ಇತ್ತು. ಎಳೆದರೆ ಮುದುಕಿಯ ಬಾಯಿಯ ಕಡೆಯ ಹಲ್ಲಿನಂತೆ ಎತ್ತ ಬೇಕಾದರೂ ಬರುತ್ತಿತ್ತು, ಬಿಟ್ಟರೆ ತನ್ನಷ್ಟಕ್ಕೆ ತಾನೇ ಮಲಗುತ್ತಿತ್ತು. ಆ ಹಿಡಿಕೆಯನ್ನು ಮೇಲೆಳೆಯುವುದೂ ಒಂದೇ, ಗಾಡಿಗೆ ಕೈಮುಗಿದು "ನಿಂದ್ರಪಾ ನಮ್ಮಪ್ಪಾ" ಎಂದು ಬೇಡಿಕೊಳ್ಳುವುದೂ ಒಂದೇ. ಹೀಗಾಗಿ ಒಂದು ವರ್ಷದಿಂದ ಕಾರಿನ ಮಾನ ಕಾಯುತ್ತಿದ್ದದ್ದು ಆ ಕಲ್ಲು.

ಕಲ್ಲು ಸಾಮಾನ್ಯದ್ದಲ್ಲ. ನಿಜಗುಣಪ್ಪನ ಅಪ್ಪನ ಕಾಲದಲ್ಲಿ ಚಕ್ಕಡಿಯ ಗಾಲಿಗೆ ಕೊಡುತ್ತಿದ್ದದ್ದು ಅದೇ. ಶ್ರಾವಣ ಬಂತೆಂದರೆ ಅಪ್ಪ ಚಕ್ಕಡಿ ಹೂಡಿ, ಅವ್ವ ಗುರವ್ವನನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು, ಪಂಚಮಿಗೆಂದು ಅವಳ ತವರು ಮುನವಳ್ಳಿಗೆ ಹೊರಡುತ್ತಿದ್ದ. ದಾರಿಯಲ್ಲಿ ಏರು ಬಂದಾಗ ಎತ್ತುಗಳು ಉಸಿರು ಬಿಡಲು ನಿಲ್ಲುತ್ತಿದ್ದವು. ಆಗ ಚಕ್ಕಡಿ ಹಿಂದೆ ಜಾರದಂತೆ ಗಾಲಿಗೆ ಕಲ್ಲು ಕೊಡುವ ಕೆಲಸ ತಂಗಿ ನೀಲಗಂಗಾಳದು. ಪರಕಾರದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದಿನಿಂದ ದುಡುಮ್ಮನೆ ಹಾರಿ, ತನ್ನ ಅರ್ಧ ತೂಕದ ಕಲ್ಲನ್ನು ಅಪ್ಪಿ ತಂದು ಗಾಲಿಗೆ ಒತ್ತಿ, "ಕಲ್ಲು ಕೊಟ್ಟೇನ್ರೀ ಅಪ್ಪಾ!" ಎಂದು ಮಲಪ್ರಭೆಯ ಆಚೆಗೂ ಕೇಳುವಂತೆ ಕೂಗುತ್ತಿದ್ದಳು. ಅಣ್ಣನಾದ ನಿಜಗುಣಪ್ಪನ ಕೆಲಸ ಚಕ್ಕಡಿಯಲ್ಲೇ ಕುಳಿತು, ಅವಳ ಪಾಲಿನ ಉಂಡಿ ಕಾಯುವುದು. ಅವನು ಕಾಯುತ್ತಿದ್ದ ಉಂಡಿ, ಅವಳು ಹತ್ತಿ ಬರುವಷ್ಟರಲ್ಲಿ ಯಾವಾಗಲೂ ಒಂದು ಬಾಯಿಯಷ್ಟು ಕಡಿಮೆಯಾಗಿರುತ್ತಿತ್ತು.

ಆ ನೀಲಗಂಗಾ ಈಗ ರಾಮದುರ್ಗದ ದೊಡ್ಡ ಮನೆಯ ನೀಲವ್ವ. ಮನೆಗೆ ಸಪ್ನಾ ಎಂಬ ಸೊಸೆ ಬಂದಿದ್ದಾಳೆ. ಕಡಲೆಹಿಟ್ಟಿನ ಡಾಣಿ ಕರಿದು ಬೆಲ್ಲದಲ್ಲಿ ಕಟ್ಟುವ ನೀಲವ್ವನ ಡಾಣಿ ಉಂಡಿಯ ಗಟ್ಟಿ ಪಾಕಕ್ಕೆ ರಾಮದುರ್ಗದ ಬೀಗರ ಮನೆಗಳಲ್ಲೆಲ್ಲ ಹೆಸರಿದೆ. ಹೋದ ವರ್ಷದ ಪಂಚಮಿಗೆ ಅವಳನ್ನು ತವರಿಗೆ ಕರೆತರಲು ನಿಜಗುಣಪ್ಪ ಕಾರು ತೆಗೆದುಕೊಂಡು ಹೋದ. ಅವಳು ಅವ್ವನಿಗೆಂದು ಕಟ್ಟಿದ ಉಂಡಿಯ ಡಬ್ಬಿಯನ್ನು ಎರಡೂ ಸೀಟಿನ ನಡುವೆ ಇಟ್ಟು, ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು, ಗೌಡ್ತಿಯಂತೆ ಮುಂದೆ ಕುಳಿತಳು. ನಿಜಗುಣಪ್ಪ ಹ್ಯಾಂಡ್‌ಬ್ರೇಕು ಜಗ್ಗಿ, ಬೀಗರಿಗೆ "ಬರತೇವ್ರಿ" ಎನ್ನಲು ಕೆಳಗಿಳಿದ. ಕಾರು ಅವನಿಗಿಂತ ಮೊದಲೇ "ಬರತೇನಿ" ಎಂದು ಹೊರಟಿತು. ಬೀಗರು, ನೆರೆಹೊರೆ, ಹೊಸ ಸೊಸೆ ಎಲ್ಲರೂ ನೋಡುತ್ತಿದ್ದಂತೆ ನೀಲವ್ವ ಹಿಮ್ಮುಖವಾಗಿ ಮೆರವಣಿಗೆ ಹೋಗಿ ತಿಪ್ಪೆಯಲ್ಲಿ ಇಳಿದಳು.

ತಿಪ್ಪೆಯಲ್ಲೇ ನಿಂತು ಅವಳು ಶಪಥ ಮಾಡಿದಳು. "ಈ ಗಾಡಿ ನಿಂದ್ರಿಸಿದಲ್ಲಿ ನಿಂದ್ರೂತನಾ ನಾ ತವರಿನ ಹೊಸ್ತಲಾ ತುಳಿಯಂಗಿಲ್ಲ!"

ಆ ವರ್ಷ ಅವಳು ಬರಲಿಲ್ಲ. ಗುರವ್ವ ಬೇವಿನ ಗಿಡಕ್ಕೆ ಕಟ್ಟಿದ್ದ ಜೋಕಾಲಿಯನ್ನು ಬಿಚ್ಚಿಸಿ, ಹಗ್ಗವನ್ನು ಸುತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟಳು. ಈ ವರ್ಷ ಪಂಚಮಿ ಹತ್ತಿರ ಬಂದರೂ ಹಗ್ಗ ಕೆಳಗಿಳಿಯಲಿಲ್ಲ. "ಮಗಳು ಬಂದ್ರ ಜೋಕಾಲಿ. ಇಲ್ಲಾಂದ್ರ ನನ್ನ ಕಾಲಕ್ಕ ಪಂಚಮಿ ಮುಗೀತು ಅಂತ ತಿಳಕೋರಿ," ಎಂದಳು. ಎಂಬತ್ತು ದಾಟಿದ ಮುದುಕಿಯ ಬಾಯಿಯಿಂದ ಬಂದ ಈ ಮಾತು ಮನೆಯ ಜಂತಿಗೆ ತಗುಲಿ ಅಲ್ಲೇ ತೂಗಾಡತೊಡಗಿತು.

ಗಾಡಿಯನ್ನು ಗ್ಯಾರೇಜಿಗೆ ಒಯ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಿಜಗುಣಪ್ಪನದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಊರಿಗೆಲ್ಲ ನಟ್ಟು ಬೋಲ್ಟು ಮಾರುವವನು ತನ್ನ ಗಾಡಿಯ ನಟ್ಟು ಬಿಗಿಸಲು ಇನ್ನೊಬ್ಬನ ಮುಂದೆ ನಿಲ್ಲುವುದೆಂದರೆ, ಅಡಿಗೆಭಟ್ಟ ಖಾನಾವಳಿಯಲ್ಲಿ ಉಂಡಂತೆ. ತಂಗಿಗೆ ಫೋನ್ ಹಚ್ಚಿ ಘೋಷಿಸಿಯೇ ಬಿಟ್ಟ.

"ನೀಲಾ, ರೊಟ್ಟಿ ಪಂಚಮಿ ದಿನಾ ನನ್ನ ಕೈಯಾರೆ ಬ್ರೇಕ್ ಬಿಗಿತೇನಿ. ಮರುದಿನಾ ಕರಿಯಾಕ ಬರತೇನಿ. ತಯಾರಾಗಿರು."

ಆ ಕಡೆಯಿಂದ "ನಿನ್ನ ಕೈಯಾರೆ?" ಎಂದಷ್ಟೇ ಕೇಳಿಸಿತು. ಆ ಎರಡು ಶಬ್ದಗಳಲ್ಲಿ ಇಡೀ ಬಾಲ್ಯದ ಅನುಭವ ತುಂಬಿತ್ತು.

ರೊಟ್ಟಿ ಪಂಚಮಿ ಬಂತು. ಪಂಚಮಿಯ ಮುಂಚಿನ ಆ ದಿನ ಓಣಿಯ ಹೆಂಗಸರೆಲ್ಲ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಹಿಂಡಿಯ ತಾಟುಗಳನ್ನು ಸೆರಗಿನಡಿ ಮುಚ್ಚಿಕೊಂಡು ಮನೆಯಿಂದ ಮನೆಗೆ ಓಡಾಡುವುದು ವಾಡಿಕೆ. ಅಂಥ ದಿನ ನಿಜಗುಣಪ್ಪ ಬನಿಯನ್ನು, ಹಳೆಯ ಪಟ್ಟಾಪಟ್ಟಿ ಚಡ್ಡಿ ತೊಟ್ಟು, ಅಂಗಡಿಯಿಂದ ತಂದ, ನಟ್ಟು ತಿರುವುವ ಹೊಚ್ಚಹೊಸ ಪಾನಾಗಳನ್ನು ಗೋಣಿತಟ್ಟಿನ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಹೊಂದಿಸಿಟ್ಟ. ನೋಡಿದವರು ಇಲ್ಲಿ ಆಪರೇಷನ್ ಇದೆ ಎಂದುಕೊಳ್ಳಬೇಕು.

"ಇಷ್ಟು ವರ್ಷ ಪಾನಾ ಮಾರೀರಿ. ಒಂದರ ದಿನ ತಿರುವೀರೇನು?" ಎಂದು ಹೆಂಡತಿ ವಿಜಯಾ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ವಿಡಿಯೋ ನೋಡೇನಿ."

"ಪೂರಾ ನೋಡೀರೇನು?"

ಇದು ಸೂಕ್ಷ್ಮವಾದ ಪ್ರಶ್ನೆ. ವಿಡಿಯೋದಲ್ಲಿ ಒಬ್ಬ ಸರದಾರ್ಜಿ ಹಿಂದಿಯಲ್ಲಿ ಮಾತಾಡುತ್ತ ಕಾರಿನ ಕೆಳಗೆ ಮಲಗಿದ್ದನ್ನು ನಿಜಗುಣಪ್ಪ ಕಣ್ಣಾರೆ ಕಂಡಿದ್ದ. ಅಷ್ಟರಲ್ಲಿ ನೆಟ್ ಪ್ಯಾಕ್ ತೀರಿತ್ತು. ಮುಂದೆ ಆ ಸರದಾರ್ಜಿ ಕೆಳಗಿನಿಂದ ಎದ್ದು ಬಂದು, "ಇಲ್ಲೇನೂ ಇಲ್ಲ, ನಟ್ಟು ಒಳಗೆ ಹಿಡಿಕೆಯ ಬುಡದಲ್ಲೇ ಇದೆ" ಎಂದು ತೋರಿಸಿದನೋ ಏನೋ, ಅದು ನಿಜಗುಣಪ್ಪನ ಹಣೆಯಲ್ಲಿ ಬರೆದಿರಲಿಲ್ಲ. ಬ್ರೇಕು ಬಿಗಿಸುವುದೆಂದರೆ ಗಾಡಿಯ ಕೆಳಗೆ ಮಲಗುವುದು ಎಂದು ಅವನು ಖಚಿತ ಮಾಡಿಕೊಂಡಿದ್ದ.

ಮೊದಲು ಅವನು ಮಾಡಿದ್ದು ಗಾಡಿಯನ್ನು ಗೇರಿಗೆ ಹಾಕಿ, ಗಾಲಿಯಡಿಯ ಕಲ್ಲನ್ನು ಕಿತ್ತು, ಎರಡೂ ಕೈಯಲ್ಲಿ ಎತ್ತಿ ಅಂಗಳದೊಳಗಿನ ದಾಸವಾಳದ ಬುಡಕ್ಕೆ ಒಗೆದದ್ದು. "ಕಲ್ಲು ಕೊಡೂದು ಚಕ್ಕಡಿಗೆ. ಇದು ಕಾರು. ಇನ್ನ ಮ್ಯಾಲೆ ಇದರ ಕೆಲಸಾ ಮುಗೀತು," ಎಂದ.

ಕಟ್ಟೆಯ ಮೇಲೆ ಕುಳಿತಿದ್ದ ಗುರವ್ವನಿಗೆ ತನ್ನ ಗಂಡನನ್ನೇ ಹಿಡಿದು ಒಗೆದಂತಾಯಿತು. "ಅದು ನಿನಗ ಏನ ಮಾಡಿತ್ತೋ? ನಿಮ್ಮಪ್ಪ ಸತ್ತಾಗೂ ಅದು ಅಲುಗಾಡಿರಲಿಲ್ಲ," ಎಂದಳು.

"ಅವ್ವಾ, ಕಲ್ಲು ಅಲುಗಾಡಂಗಿಲ್ಲ. ಅದು ಕಲ್ಲು."

"ಅದಕ್ಕ ಹೇಳತೇನಿ, ನಿನಕಿಂತಾ ಛಲೋ."

ಅಷ್ಟರಲ್ಲಿ ಅವನ ಕಣ್ಣಿಗೆ ಇನ್ನೊಂದು ವೈರಿ ಬಿತ್ತು. ದಾಸವಾಳದ ಬುಡದಿಂದ ಹೊರಟ ಇರುವೆಯ ಸಾಲೊಂದು ಗೇಟು ದಾಟಿ, ಕಾರಿನ ಗಾಲಿ ಹತ್ತಿ, ಬಾಗಿಲ ಸಂದಿಯಿಂದ ಒಳಗೆ ಹೋಗುತ್ತಿತ್ತು. ಅವನು ಪೊರಕೆ ಎತ್ತಿದ.

"ಪಂಚಮಿಯಾಗ ಇರಿವಿಗೆ ಕೈ ಹಚ್ಚಬ್ಯಾಡೋ! ಹುತ್ತಾ ಕಟ್ಟಿ ನಾಗಪ್ಪಗ ಮನಿ ಕೊಟ್ಟ ಜೀವಾ ಅವು. ತಮ್ಮ ಕೆಲಸಕ್ಕ ತಾವು ಹೊಂಟಾವ. ನಿನ್ನಂಗ ಸುಳ್ಳ ಸುಳ್ಳ ಅಲ್ಲ."

ನಿಜಗುಣಪ್ಪ ಪೊರಕೆ ಇಳಿಸಿದ. ಆದರೂ ಮಗ ಗಾಡಿಯ ಕೆಳಗೆ ಹೋಗುತ್ತಾನೆಂದರೆ ತಾಯಿಯ ಜೀವ. ಗುರವ್ವ ಎದ್ದು, ಅರಿಷಿಣಕ್ಕೆ ಸುಣ್ಣ ಕದಡಿ ತಾಟಿನ ತುಂಬ ಕೆಂಪು ನೀರು ಮಾಡಿಕೊಂಡು ಬಂದಳು. ಮಗನಿಗೂ ಕಾರಿಗೂ ಸೇರಿಸಿ ದೃಷ್ಟಿ ತೆಗೆದು, ಆ ನೀರನ್ನು ಗಾಲಿಯ ಹತ್ತಿರ ಚೆಲ್ಲಿ, ತೆಂಗಿನಕಾಯಿಯನ್ನೂ ಒಡೆದಳು. ಹೀಗೆ ಶಾಸ್ತ್ರೋಕ್ತವಾಗಿ ನಿಜಗುಣಪ್ಪ, ಹೆಂಡತಿಯ ಮೊಬೈಲಿನ ಬೆಳಕನ್ನು ಹಚ್ಚಿಕೊಂಡು, ಅಂಗಾತ ಜಾರುತ್ತ ಗಾಡಿಯ ಕೆಳಗೆ ಪ್ರವೇಶಿಸಿದ.

ತಲೆ ಹೋಯಿತು. ಎದೆ ಹೋಯಿತು. ಹೊಟ್ಟೆಯ ಹತ್ತಿರ ಬಂದಾಗ ಯಾವುದೋ ಒಂದು ಕೊಳವೆ "ಯಾರ್ರೀ ಅದು?" ಎಂದಂತೆ ಅಡ್ಡ ನಿಂತಿತು. ನಿಜಗುಣಪ್ಪ ಉಸಿರು ಒಳಗೆಳೆದು ಇನ್ನಷ್ಟು ಜಾರಿದ. ಆಮೇಲೆ ಉಸಿರು ಬಿಟ್ಟ. ಆ ಬಿಟ್ಟ ಉಸಿರೇ ತಪ್ಪಾಯಿತು. ಈಗ ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಇಷ್ಟು ವರ್ಷ ವಿಜಯಾ ಅಕ್ಕರೆಯಿಂದ ಬೆಳೆಸಿದ ಹೊಟ್ಟೆ, ಗಾಡಿಗೂ ನೆಲಕ್ಕೂ ನಡುವೆ ಹ್ಯಾಂಡ್‌ಬ್ರೇಕಿನ ಕೆಲಸವನ್ನು ತಾನೇ ವಹಿಸಿಕೊಂಡಿತ್ತು.

ಸಿಕ್ಕಿಕೊಂಡೆ ಎಂದು ಕೂಗುವಂತಿರಲಿಲ್ಲ. ಕೂಗಿದರೆ ಆ ಸುದ್ದಿ ಪಂಚಮಿಯ ಉಂಡಿಗಿಂತ ಮೊದಲು ಮನೆಮನೆಗೆ ಹಂಚಿಹೋಗುತ್ತದೆ. ಅವನು ಸುಮ್ಮನೆ ಪಾನಾದಿಂದ ಅಲ್ಲಿ ಇಲ್ಲಿ ಟಕ್ ಟಕ್ ಎನಿಸುತ್ತ, ಹೊಟ್ಟೆ ತಾನಾಗಿ ಹಸಿದು ಕುಗ್ಗಲೆಂದು ಕಾದ. ಆದರೆ ಸುತ್ತಲೂ ಎಣ್ಣೆಗಾಯಿಯ ವಾಸನೆ. ಹೊಟ್ಟೆ ಕುಗ್ಗುವ ಬದಲು ಆಸೆಯಿಂದ ಉಬ್ಬಿತು. ಮೊಬೈಲು ಚಾರ್ಜು ಮುಗಿದು ಕತ್ತಲಾಯಿತು.

ಅತ್ತ ತಾಟು ಹಿಡಿದು ಬಂದ ಹೆಂಗಸರು ಒಬ್ಬೊಬ್ಬರಾಗಿ ಅಲ್ಲೇ ನಿಂತರು. ರಸ್ತೆಯ ಮೇಲೆ ಎರಡು ಬರಿಗಾಲು ಚಾಚಿಕೊಂಡಿದ್ದರೆ ಯಾರು ತಾನೆ ಮುಂದೆ ಹೋದಾರು? ಗುರವ್ವ ಕಟ್ಟೆಯ ಮೇಲೆ ಕಲ್ಲಿನ ದುಃಖದಲ್ಲಿ ತಲೆಗೆ ಕೈಹೊತ್ತು ಕುಳಿತಿದ್ದಳು.

ಆಗ ಪಾಂಡುರಂಗರಾಯರು ಬಂದರು. ಕಲ್ಲು ತೆಗೆದ ಸುದ್ದಿ ಕೇಳಿ ತಮ್ಮ ಗೇಟಿನ ಚಿಂತೆಯಿಂದಲೇ ಬಂದದ್ದು. ಆದರೆ ಕಾಲುಗಳನ್ನು ನೋಡಿ ಅವರ ಮನಸ್ಸು ಕರಗಿತು. "ಎಷ್ಟು ಕಷ್ಟ ಪಡಲಿಕ್ಕೆ ಹತ್ಯಾನ ಪಾಪ, ತಂಗಿ ಸಲುವಾಗಿ! ನೀಲವ್ವ ಇದನ್ನ ನೋಡಬೇಕು," ಎಂದು ತಮ್ಮ ಹೊಸ ಫೋನಿನಲ್ಲಿ ಒಂದು ಫೋಟೋ ಹೊಡೆದು, ನೀಲವ್ವನ ಗಂಡ ದುಂಡಪ್ಪನಿಗೆ ಕಳಿಸಿದರು. ರಾಯರಿಗೆ ಕನ್ನಡ ಟೈಪು ಮಾಡಲು ಬರುತ್ತಿರಲಿಲ್ಲ. ಹೀಗಾಗಿ ಯಾರಿಗೆ ಏನು ಕಳಿಸಿದರೂ ಕೆಳಗೆ ಜೋಡಿಸಿದ ಎರಡು ಕೈಗಳ ಚಿತ್ರ ಹಾಕುವುದು ಅವರ ಪದ್ಧತಿ. ಅದನ್ನೂ ಹಾಕಿ, ಫೋನು ಬಂದ್ ಮಾಡಿ, ಸ್ನಾನ ಸಂಧ್ಯಾವಂದನೆಗೆ ಹೋದರು.

ಆ ಫೋಟೋ ರಾಮದುರ್ಗದಲ್ಲಿ ಹೇಗೆ ಇಳಿಯಿತೆಂಬುದು ನಿಜಗುಣಪ್ಪನಿಗೆ ತಿಳಿದದ್ದು ಆಮೇಲೆ. ದುಂಡಪ್ಪ ಚಹದ ಕಪ್ಪು ಹಿಡಿದು ಫೋನು ತೆರೆದ. ಕಾರಿನ ಕೆಳಗಿನಿಂದ ಹೊರಬಂದ ಎರಡು ಕಾಲು. ಪಕ್ಕದಲ್ಲಿ ಕೆಂಪಗೆ ಹರಿದದ್ದು. ಒಡೆದ ಕಾಯಿ. ತಲೆಯ ಮೇಲೆ ಸೆರಗು ಹೊದ್ದು ಸುತ್ತ ನಿಂತ ಹೆಂಗಸರು. ತಲೆಗೆ ಕೈಹೊತ್ತು ಕುಳಿತ ಹಡೆದವ್ವ. ಕೆಳಗೆ, ಪಾಂಡುರಂಗರಾಯರ ಜೋಡಿಸಿದ ಕೈಗಳು.

ಕಪ್ಪು ನೆಲಕ್ಕೆ ಬಿತ್ತು. ನಿಜಗುಣಪ್ಪನಿಗೆ ಹಚ್ಚಿದರೆ ರಿಂಗಾಗುತ್ತಿದೆ, ಎತ್ತುವವರಿಲ್ಲ. ಅದು ಕಾರಿನ ಒಳಗೆ ಸೀಟಿನ ಮೇಲೆ ಹಾಡುತ್ತಿತ್ತು. ವಿಜಯಾಳದು ಸ್ವಿಚ್ ಆಫ್. ರಾಯರದು ಬಂದ್. ಬೈಲಹೊಂಗಲದಲ್ಲಿ ದುಂಡಪ್ಪನಿಗೆ ಗುರುತಿದ್ದ ಇನ್ನೊಬ್ಬನೆಂದರೆ ಹವಾಲ್ದಾರ ಕಲ್ಮೇಶ. ದೂರದ ಹಳ್ಳಿಗೆ ಬಂದೋಬಸ್ತಿಗೆ ಹೋಗಿದ್ದ ಅವನಿಗೆ ಹೇಳಿದ. ನೇಸರಗಿಯಲ್ಲಿದ್ದ ನಿಜಗುಣಪ್ಪನ ಕಾಕಾನ ಮಗ ಮಾಳಪ್ಪನಿಗೂ ಹೇಳಿದ.

ಕಲ್ಮೇಶ ಮೋಟಾರ್‌ಸೈಕಲ್ಲಿನಿಂದಿಳಿದು ಟೋಪಿ ತೆಗೆದ. ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಹೊರಬಂದ ವಿಜಯಾಳನ್ನು ನೋಡಿ ಮೆಲ್ಲಗೆ ಕೇಳಿದ. "ಧೈರ್ಯಾ ತಗೋರಿ ಅಕ್ಕಾರ. ಎಷ್ಟೊತ್ತಾತ್ರಿ?"

"ಮುಂಜಾನಿಂದ ಹಿಂಗ ಅದಾರ್ರಿ."

"ಮಾತಾಡ್ತಾರೇನು?"

"ಮದಲ ಬೈಯಾಕತ್ತಿದ್ರು. ಈಗ ಗಪ್ ಆಗ್ಯಾರ."

ಕಲ್ಮೇಶ ಕಣ್ಣು ಒರೆಸಿಕೊಂಡ. "ಡಾಕ್ಟರಿಗೆ ಹೇಳೀರೇನು?"

"ಡಾಕ್ಟರಗ ಬ್ರೇಕ್ ಬಿಗಿಯಾಕ ಎಲ್ಲಿ ಬರ್ತದ್ರಿ?"

ಹವಾಲ್ದಾರ ಟೋಪಿಯನ್ನು ಅರ್ಧ ತಲೆಗೆ ಏರಿಸಿ ಯೋಚಿಸುವಷ್ಟರಲ್ಲಿ ನೇಸರಗಿಯ ಮಾಳಪ್ಪ ಬಂದ. ಕೈಯಲ್ಲಿ ಮಾರುದ್ದದ ಸೇವಂತಿಗೆಯ ಹಾರ. ಅವನು ಯಾರನ್ನೂ ಕೇಳಲಿಲ್ಲ, ಏನನ್ನೂ ನೋಡಲಿಲ್ಲ. ನೇರವಾಗಿ ಕಾಲುಗಳ ಮೇಲೆ ಬಿದ್ದು, ಹಾರ ಹಾಕಿ, "ಅಣ್ಣಾ! ನನ್ನ ಬಿಟ್ಟು ಹೋದ್ಯಲ್ಲೋ ಅಣ್ಣಾ!" ಎಂದು ಬೋರಾಡಿದ.

ಕಾಲುಗಳು ಅಲುಗಾಡಿದವು. ಗಾಡಿಯ ಕೆಳಗಿನಿಂದ, ಹೊಟ್ಟೆಗೆ ಜಾಗ ಸಾಲದ ದನಿಯಲ್ಲಿ ಮಾತು ಬಂತು.

"ಎಲ್ಲಿಗೂ ಹೋಗಿಲ್ಲೋ ಮಾಳ್ಯಾ. ಹೋಗಾಕ ಬರವಲ್ದು. ಕಾಲು ಹಿಡದು ಜಗ್ಗು."

ಮಾಳಪ್ಪ ಹಿಂದಕ್ಕೆ ಹಾರಿ ಎಣ್ಣೆಗಾಯಿಯ ತಾಟಿನಲ್ಲಿ ಕುಳಿತ.

ಒಂದು ಕಾಲನ್ನು ಪೊಲೀಸು, ಇನ್ನೊಂದನ್ನು ಮಾಳಪ್ಪ ಹಿಡಿದರು. ಓಣಿಯ ಹೆಂಗಸರು "ಉಸರ ಹೊರಗ ಬಿಡ್ರೀ, ಹಾಂ, ಇನ್ನ ಸ್ವಲ್ಪ" ಎಂದು ಬಾಣಂತಿಕೋಣೆಯ ಅನುಭವವನ್ನೆಲ್ಲ ಧಾರೆ ಎರೆದರು. ಹೀಗೆ ನಿಜಗುಣಪ್ಪ ಎರಡನೆಯ ಸಲ ಈ ಭೂಮಿಯ ಮೇಲೆ ಹುಟ್ಟಿದ. ಮೈಯೆಲ್ಲ ಎಣ್ಣೆಯ ಮಸಿ, ಬನಿಯನ್ನು ಎರಡು ಭಾಗ. ಕಾಲಿನಿಂದ ಹಾರ ತೆಗೆದು ಕೈಯಲ್ಲಿ ಹಿಡಿದು ನಿಂತ.

"ನಾ ಗಾಡಿಗೆ ಹಾಕಾಕಂತ ತಂದಿದ್ದೆ," ಎಂದ ಮಾಳಪ್ಪ, ತಲೆ ತಗ್ಗಿಸಿ.

ಅದೇ ಹೊತ್ತಿಗೆ ಓಣಿಯ ಮೇಲ್ತುದಿಯಲ್ಲಿ ಖಡಖಡ ಸದ್ದಾಯಿತು. ಹಾಲಿನ ಖಾಲಿ ಕ್ಯಾನುಗಳ ಟೆಂಪೋ. ರಾಮದುರ್ಗದಲ್ಲಿ ಕೂಡಲೇ ಸಿಕ್ಕ ಗಾಡಿ ಅದೊಂದೇ. ಕ್ಯಾನುಗಳ ನಡುವೆ, ಸೆರಗು ಜಾರಿ ಕೂದಲು ಕೆದರಿದ ನೀಲವ್ವ. ದಾರಿಯುದ್ದಕ್ಕೂ ಅವಳು ಹಾಡಿ ಅತ್ತಿದ್ದಳು. ಯರಗಟ್ಟಿಯ ತನಕ ಅಣ್ಣನ ಗುಣಗಳು ಸಾಕಾಗಿದ್ದವು. ಅಲ್ಲಿಂದ ಮುಂದೆ ಅವನಿಗಿಲ್ಲದ ಗುಣಗಳನ್ನೂ ಸೇರಿಸಬೇಕಾಯಿತೆಂದು ಕ್ಯಾನು ಹಿಡಿದು ಪಕ್ಕದಲ್ಲೇ ಕುಳಿತಿದ್ದ ದುಂಡಪ್ಪ ಆಮೇಲೆ ಸಾಕ್ಷಿ ಹೇಳಿದ. "ಉಂಡಿ ಕಾಯ್ತಿದ್ಯಲ್ಲೋ ನನ್ನಣ್ಣಾ, ನನ್ನ ಪಾಲಿಗಿ ಕಾಯ್ತಿದ್ಯಲ್ಲೋ..." ಎಂಬ ಸಾಲು ಓಣಿಗೆಲ್ಲ ಕೇಳುತ್ತಿರುವಾಗಲೇ ಟೆಂಪೋ ನಿಂತಿತು.

ಎದುರಿಗೆ ಅಣ್ಣ. ಜೀವಂತ. ಕೈಯಲ್ಲಿ ಹೂವಿನ ಹಾರ. ಸ್ವಾಗತಕ್ಕೆ ನಿಂತ ಹಾಗೆ.

ನೀಲವ್ವನ ಹಾಡು ನಡುವೆಯೇ ನಿಂತಿತು. ಕೆಳಗಿಳಿದಳು. ಅವನ ಮುಖ ಮುಟ್ಟಿ ನೋಡಿದಳು. ಕೈಗೆ ಮಸಿ ಹತ್ತಿತು. ಆಮೇಲೆ ಅದೇ ಕೈಯಿಂದ ಅವನ ಬೆನ್ನಿನ ಮೇಲೆ ಎರಡು ಬಿಟ್ಟಳು.

"ಬದುಕೀ ಏನೋ ಭಾಡ್ಯಾ! ಬದುಕಿದ್ರ ಹೇಳಬಾರದೇನು!"

"ಬದುಕೀನಿ ಅಂತ ಯಾರಾದ್ರೂ ಫೋನ್ ಹಚ್ಚಿ ಹೇಳ್ತಾರೇನ ನೀಲಾ?"

"ಎಲ್ಲಾರೂ ಹೇಳಬೇಕಂತಿಲ್ಲ. ನೀ ದಿನಾ ಹೇಳಬೇಕು!"

ವಿಜಯಾ ಬಂದು ಅವಳ ಕೈಹಿಡಿದಳು. "ಒಳಗ ಬರ್ರಿ ನೀಲವ್ವಾರ. ನಮ್ಮ ನಸೀಬಾ, ಹೆಂಗರ ಆಗ್ಲಿ ಬಂದ್ರೆಲ್ಲ."

ಆಗ ನೀಲವ್ವನಿಗೆ ನೆನಪಾಯಿತು. ಗೇಟಿನ ಹೊರಗೆ ಕಾಲು ಕೀಲಿಸಿ ನಿಂತಳು. "ಇಲ್ಲ ವೈನಿ. ಸತ್ತಾನಂತ ಬಂದಿದ್ದೆ, ಸತ್ತಿಲ್ಲ. ಇನ್ನ ಏನ ಕೆಲಸಾ ಐತಿ ನನಗ ಇಲ್ಲಿ? ಆಣಿ ಅಂದ್ರ ಆಣಿ. ಏನ್ರೀ, ಟೆಂಪೋ ಹೊಳ್ಳಸ್ರಿ."

ಕಟ್ಟೆಯ ಮೇಲಿನಿಂದ ಗುರವ್ವ ಮಗಳನ್ನು ನೋಡಿದಳು, ಬೇವಿನ ಗಿಡದ ಬರಿ ಟೊಂಗೆ ನೋಡಿದಳು, ಮತ್ತೆ ತಲೆಗೆ ಕೈಹೊತ್ತಳು. ಅದನ್ನು ನಿಜಗುಣಪ್ಪನಿಂದ ನೋಡಲಾಗಲಿಲ್ಲ.

"ತಡಿ ನೀಲಾ! ಗಾಡಿ ನಿಂದ್ರಿಸಿದಲ್ಲಿ ನಿಂದ್ರಬೇಕು, ಹೌದಲ್ಲ? ಮುಂಜಾನಿಂದ ಎದಕ್ಕ ಸಾಯಾಕತ್ತಿದ್ದೆ ಅಂತ ತಿಳಿದಿ? ಬಿಗದೇನಿ. ನೋಡೀಗ!"

ಏನನ್ನು ಬಿಗಿದಿದ್ದನೋ ಅವನಿಗೇ ಗೊತ್ತಿರಲಿಲ್ಲ. ಆದರೆ ಅಷ್ಟು ಹೊತ್ತು ಕೆಳಗಿದ್ದಮೇಲೆ ಏನಾದರೂ ಬಿಗಿಯಾಗಿಯೇ ಇರಬೇಕೆಂಬುದು ಅವನ ನಂಬಿಕೆ. ಹಾರವನ್ನು ಮಾಳಪ್ಪನ ಕೈಗೆ ತುರುಕಿ, ಕಾರಿನೊಳಗೆ ಕುಳಿತು ಗೇರು ತೆಗೆದ. ಹ್ಯಾಂಡ್‌ಬ್ರೇಕನ್ನು ಆಕಾಶಕ್ಕೆ ಎಳೆದ. ಕೆಳಗಿಳಿದು, ನಾಟಕದ ರಾಜನಂತೆ ಎರಡೂ ಕೈ ಚಾಚಿ, ಓಣಿಯ ಜನಕ್ಕೆ ಮುಖ ಮಾಡಿ ನಿಂತ.

"ನೋಡ್ರಿ! ನಿಂತತಿ!"

ಅವನ ಬೆನ್ನ ಹಿಂದೆ ಕಾರು ಹೊರಟಿತ್ತು.

ಮೊದಲು ಇರುವೆಯಷ್ಟು ಮೆಲ್ಲಗೆ. ಆಮೇಲೆ ಉಳ್ಳಾಗಡ್ಡಿಯಷ್ಟು ಉಲ್ಲಾಸದಿಂದ. ಕಲ್ಮೇಶ ಸೀಟಿ ಊದಿದ. ಕಾರಿಗೆ ಸೀಟಿ ತಿಳಿಯಲಿಲ್ಲ. ಮಾಳಪ್ಪ ಹಾರ ಹಿಡಿದು ಬೆನ್ನಟ್ಟಿದ. ಸಂಧ್ಯಾವಂದನೆ ಮುಗಿಸಿ ಗೇಟಿಗೆ ಬಂದ ಪಾಂಡುರಂಗರಾಯರು, ಬರುತ್ತಿರುವುದು ಉಳ್ಳಾಗಡ್ಡಿಯಲ್ಲವೆಂದು ಕಂಡು, "ಯಾರದದು?" ಎನ್ನುವುದನ್ನೂ ಮರೆತು ಎರಡೂ ಕೈ ಜೋಡಿಸಿದರು. ಎಲ್ಲರೂ ಕೂಗಿದರು. ಬ್ರೇಕ್ ಹಾಕ್ರಿ ಎಂದರು, ಬಾಗಲಾ ತಗೀರಿ ಎಂದರು, ಶಿವಾ ಎಂದರು.

ಒಬ್ಬಳೇ ಒಬ್ಬಳು ಕೂಗಲಿಲ್ಲ. ಇಳಕಲ್ ಸೀರೆಯ ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ರಾಮದುರ್ಗದ ದೊಡ್ಡ ಮನೆಯ ನೀಲವ್ವ ಗೇಟು ತಳ್ಳಿ ಅಂಗಳಕ್ಕೆ ನುಗ್ಗಿದಳು. ಗೇಟಿನ ಹೊರಗೆ ನಿಂತಾಗಲೇ ದಾಸವಾಳದ ಬುಡದ ಕರಿಕಲ್ಲು ಅವಳ ಕಣ್ಣಿಗೆ ಬಿದ್ದಿತ್ತು. ಕಲ್ಲನ್ನು ಅಪ್ಪಿ ಎತ್ತಿ, ಓಡಿ, ಗಾಲಿಯ ಹಿಂದೆ ಬಗ್ಗಿ ಒತ್ತಿದಳು. ಕಾರು ಒಮ್ಮೆ ಹಿಂದಕ್ಕೆ ಒರಗಿ, ಒಮ್ಮೆ ಮುಂದಕ್ಕೆ ತೂಗಿ, ನಿಂತಿತು. ರಾಯರ ಗೇಟಿಗೂ ಕಾರಿಗೂ ನಡುವೆ ಒಂದು ಆಕಳು ನಿಲ್ಲುವಷ್ಟು ಜಾಗ.

"ಕಲ್ಲು ಕೊಟ್ಟೇನ್ರೀ ಅಪ್ಪಾ!"

ದನಿ ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಕೂಗಿದ ಮೇಲೆ ಅವಳಿಗೇ ಗಾಬರಿಯಾಯಿತು. ಐವತ್ತರ ಹತ್ತಿರದ ಹೆಂಗಸು, ಸೊಸೆ ಬಂದ ಮನೆಯ ಯಜಮಾನಿ, ನಡುಬೀದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಯಾರನ್ನು ಕರೆದಳು? ಅಪ್ಪ ಹೋಗಿ ಎಷ್ಟೋ ಪಂಚಮಿಗಳಾಗಿದ್ದವು.

ಕಟ್ಟೆಯ ಮೇಲಿನಿಂದ ಗುರವ್ವ, ಚಕ್ಕಡಿಯ ಮೂಕಿಯ ಮೇಲೆ ಕುಳಿತ ಗಂಡನ ದನಿಯಲ್ಲೇ ಅಂದಳು. "ಛಲೋ ಆತು. ಬಾ, ಹತ್ತು ಇನ್ನ."

ನೀಲವ್ವ ಎದ್ದು, ಮೂಗು ಒರೆಸಿಕೊಂಡು, ಹತ್ತಲು ಚಕ್ಕಡಿ ಇಲ್ಲದ್ದರಿಂದ ಕಾರಿನೊಳಗೇ ಹೋಗಿ ಕುಳಿತಳು. ನಿಜಗುಣಪ್ಪ ಅಪರಾಧಿಯಂತೆ ಆ ಕಡೆಯ ಬಾಗಿಲು ತೆರೆದು ಪಕ್ಕದಲ್ಲಿ ಕುಳಿತ. ಇಬ್ಬರೂ ಗಾಜಿನಿಂದ ಮುಂದೆ ನೋಡುತ್ತಿದ್ದರು, ಮುನವಳ್ಳಿಯ ಏರು ಅಲ್ಲೇ ಕಾಣುವಂತೆ.

"ಅಂಗಳ ತುಳದಿ ನೀಲಾ. ಕಲ್ಲಿನ ಸಲುವಾಗಿ," ಎಂದ ಮೆಲ್ಲಗೆ.

"ಕಲ್ಲಿನ ಸಲುವಾಗಿ ತುಳದೇನಿ. ನಿನ್ನ ಸಲುವಾಗಿ ಅಲ್ಲ. ಏನಿದು, ಗಾಡಿ ತುಂಬ ಇರಿವಿ?"

ಇರುವೆಯ ಸಾಲು ಬಾಗಿಲಿನಿಂದ ಬಂದು, ಸೀಟಿನ ಅಂಚಿನಗುಂಟ ನಡೆದು, ಹ್ಯಾಂಡ್‌ಬ್ರೇಕಿನ ಬುಡಕ್ಕೆ ವಿಜಯಾ ಹೋದ ವರ್ಷ ಹೊಲಿದು ಹೊದಿಸಿದ್ದ ಹಸಿರು ಕವಚದೊಳಗೆ ಇಳಿಯುತ್ತಿತ್ತು. ತಿಪ್ಪೆಯ ಪ್ರಸಂಗದ ಮರುದಿನ, ಒಳಗಿನ ಹಳೆಯ ಕವಚ ಹರಿದಿದೆಯೆಂದು ಮೇಲಿನಿಂದ ಹೊದಿಸಿದ್ದು ಅದು. ನೀಲವ್ವ ಲೇಸಿನ ದಾರ ಬಿಚ್ಚಿ ಕವಚ ಎತ್ತಿದಳು.

ಹಿಡಿಕೆಯ ಬುಡದಲ್ಲಿ, ಹಲ್ಲುಹಲ್ಲಾದ ಕಬ್ಬಿಣದ ಪಟ್ಟಿಯ ಸಂದಿಯಲ್ಲಿ, ಬೆಲ್ಲದ ಬಣ್ಣದ ಒಂದು ಗಟ್ಟಿ ಮುದ್ದೆ. ಹಿಡಿಕೆ ಮೇಲೇರಿದಾಗ ಕಚ್ಚಿ ಹಿಡಿಯಬೇಕಾದ ಹಲ್ಲುಗಳನ್ನೆಲ್ಲ ಅದು ತುಂಬಿಕೊಂಡು ಕುಳಿತಿತ್ತು. ನೀಲವ್ವ ತಲೆಯ ಪಿನ್ನು ತೆಗೆದು ಕೆದಕಿದಳು. ಮುದ್ದೆ ಕಿತ್ತು ಬಂತು. ಅರ್ಧ ಉಂಡಿ. ಡಾಣಿ ಉಂಡಿ. ಒಂದು ವರ್ಷದ ಮೇಲೂ ಒಂದು ಡಾಣಿ ಬಿಡಿಸಿಕೊಂಡಿರಲಿಲ್ಲ. ಅಂಥ ಪಾಕ ರಾಮದುರ್ಗದಲ್ಲಿ ಒಬ್ಬರದೇ.

ನೀಲವ್ವನ ಮುಖದ ಬಣ್ಣ ಹೋಯಿತು. ಹೋದ ವರ್ಷ ಸೀಟಿನ ನಡುವೆ ಇಟ್ಟ ಡಬ್ಬಿ. ಮುಚ್ಚಳ ಸರಿಯಾಗಿ ಹಾಕದ ಡಬ್ಬಿ. ಅದರಿಂದ ಒಡೆದು ಉರುಳಿದ್ದು ಹರಿದ ಕವಚದೊಳಗೆ ಇಳಿದಿತ್ತು. ಹಾಗಾದರೆ ಅವಳನ್ನು ತಿಪ್ಪೆಗೆ ಕಳಿಸಿದ್ದು ಅಣ್ಣನ ಗಾಡಿಯಲ್ಲ.

"ಏನಿತ್ರೀ ಅದ್ರಾಗ?" ಎಂದು ಕಿಟಕಿಗೆ ದುಂಡಪ್ಪ ಬಂದ. ಅವನ ಹಿಂದೆ ಕಲ್ಮೇಶ, ಅವನ ಹಿಂದೆ ಪಾಂಡುರಂಗರಾಯರು, ಕೈಯಲ್ಲಿ ಫೋಟೋ ತೆಗೆಯಲು ಸಿದ್ಧವಾದ ಫೋನು. ಒಂದು ಫೋಟೋ ರಾಮದುರ್ಗ ಮುಟ್ಟಿದರೆ ಸಾಕು, ಸೊಸೆ ಸಪ್ನಾಳ ತವರಿನ ತನಕ ಸುದ್ದಿ.

ನಿಜಗುಣಪ್ಪ ತನ್ನ ಇಡೀ ಜೀವನದಲ್ಲಿ ಯಾವ ಕೆಲಸವನ್ನೂ ಅಷ್ಟು ಲಗುಬಗೆಯಿಂದ ಮಾಡಿದವನಲ್ಲ. ತಂಗಿಯ ಅಂಗೈಯಿಂದ ಉಂಡಿಯನ್ನು ಕಸಿದು, ಇರುವೆ ಸಮೇತ ಬಾಯಿಗೆ ಒಗೆದುಕೊಂಡ.

ದವಡೆ ಒಮ್ಮೆ ಮುಚ್ಚಿತು. ಮತ್ತೆ ತೆರೆಯಲಿಲ್ಲ.

"ಏನಿತ್ತು ನಿಜಗುಣಣ್ಣಾರ?" ಎಂದು ದುಂಡಪ್ಪ ಮತ್ತೆ ಕೇಳಿದ.

"ಮ್," ಎಂದ ನಿಜಗುಣಪ್ಪ.

ನೀಲವ್ವ ಅಣ್ಣನ ಉಬ್ಬಿದ ಗಲ್ಲ ನೋಡಿದಳು. ಗಂಡನ ಕಡೆ ತಿರುಗಿದಳು. "ಏನಿಲ್ರಿ. ಕಸಾ ಕುಂತಿತ್ತು, ನಟ್ಟು ಸಡ್ಲ ಆಗಿತ್ತು. ಅಣ್ಣ ಕಂಡು ಹಿಡದಾನ," ಎಂದಳು. ಗೋಣಿತಟ್ಟಿನಿಂದ ಒಂದು ಪಾನಾ ತರಿಸಿದಳು. ಹಿಡಿಕೆಯ ಬುಡದಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತಿದ್ದ ನಟ್ಟಿಗೆ ನಿಜಗುಣಪ್ಪ ಪಾನಾ ಹಾಕಿ, ಬಾಯಿ ಮುಚ್ಚಿಕೊಂಡೇ ತಿರುವಿದ. ಹಿಡಿಕೆ ಜಗ್ಗಿದ. ಕರ್ರ್ ಕರ್ರ್ ಕರ್ರ್ ಎಂದು ಹಲ್ಲಿಗೆ ಹಲ್ಲು ಕಚ್ಚಿತು. ಬಾವಿಯ ಹಳೆಯ ರಾಟೆ ತಿರುಗಿದಂಥ ಸದ್ದು. ಮಾಳಪ್ಪ ಗಾಲಿಯ ಹಿಂದಿನ ಕಲ್ಲನ್ನು ಅಂಜುತ್ತ ಸರಿಸಿದ. ಕಾರು ನಿಂತೇ ಇತ್ತು. ಪಾಂಡುರಂಗರಾಯರು ತಮ್ಮ ಗೇಟನ್ನು ತಟ್ಟಿ ಸಮಾಧಾನ ಹೇಳಿದರು. ಸೇವಂತಿಗೆಯ ಹಾರ ಕೊನೆಗೂ ಕಾರಿನ ಮೂತಿಗೆ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಅಟ್ಟದಿಂದ ಹಗ್ಗ ಇಳಿಯಿತು. ಗುರವ್ವ ತಾನೇ ನಿಂತು, ಬೇವಿನ ಗಿಡದ ಯಾವ ಟೊಂಗೆಗೆ ಕಟ್ಟಬೇಕೆಂದು ಬೈದು ಬೈದು ಕಟ್ಟಿಸಿದಳು. ಮಗಳು ಜೋಕಾಲಿಯ ಮೇಲೆ ಕುಳಿತು ಕಾಲು ಚಾಚಿದಳು. ಮಗ ಹಿಂದಿನಿಂದ ನೂಕುತ್ತಿದ್ದ. ಅವನು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಗುರವ್ವ ಯಾವತ್ತೂ ಕಂಡಿರಲಿಲ್ಲ.

"ಯಾಕೋ, ಬಾಯಾಗ ಏನ ಇಟಗೊಂಡು ಕುಂತಿ? ಮಾತಾಡವಲ್ಲಿ?"

"ಮ್," ಎಂದ ನಿಜಗುಣಪ್ಪ.

"ಇರ್ಲಿ ಬಿಡವ್ವಾ," ಎಂದಳು ನೀಲವ್ವ, ಮೇಲಿನಿಂದ. "ವರ್ಷ ಆತು ಅಂವಾ ನನ್ನ ಉಂಡಿ ತಿಂದು."